ಪತ್ರಾಸ್ (ತಗಡಿನ ಚಪ್ಪರ) ಹಾಕುವ ಕ್ರಮ

ಬೇಕಾಗುವ ಸಾಮಾನು: ಒಂದು ಗೋಡೆ (ನಿಮ್ಮದೇ ಆಗಿದ್ದರೆ ಉತ್ತಮ), ಕಬ್ಬಿಣದ ಪೈಪು, ತಗಡು, ಜೆ ಹುಕ್ಕು, ವಾಶರು, ಒಬ್ಬ ವೆಲ್ಡರ್, ಸಲಹೆ ಕೊಡಲು ನಾಲ್ಕು ಮಂದಿ. ಈ ನಾಲ್ವರನ್ನು ಕರೆಯುವ ಅಗತ್ಯವಿಲ್ಲ. ಕೃಷ್ಣೆಯ ದಂಡೆಯ ನಾರಾಯಣಪುರದಲ್ಲಿ ಮೊದಲ ಗುಂಡಿ ತೋಡುವ ಸಪ್ಪಳಕ್ಕೇ ಬರುತ್ತಾರೆ.

ಅಳತೆ. ಬೈಕಿಗೆ ನೆರಳು ಬೇಕೆಂದು ಅಳೆಯಿರಿ. ಆಮೇಲೆ ಮನೆಯವರನ್ನು ಕೇಳಿ. ಶೇಂಗಾ ಚೀಲ, ಪಂಪಿನ ಪೈಪು, ಕುಳ್ಳು, ಅಜ್ಜನ ಹೊರಸು, ಎರಡು ಆಡು ಸೇರಿ ಅಳತೆ ದುಪ್ಪಟ್ಟಾಗುತ್ತದೆ. ಬೈಕು ಬಿಸಿಲಲ್ಲೇ ನಿಲ್ಲುತ್ತದೆ.

ಪರವಾನಗಿ. 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಂತೆ ಕಟ್ಟಡಕ್ಕೆ ಪಂಚಾಯ್ತಿಯ ಅನುಮತಿ ಬೇಕು. ಊರವರ ಲೆಕ್ಕದಲ್ಲಿ ಪತ್ರಾಸ್ ಕಟ್ಟಡವಲ್ಲ, ‘ಸದ್ಯಕ್ಕ ಹಾಕಿದ್ದು’. ಸದ್ಯಕ್ಕೆ ಹಾಕಿದ್ದರ ಕೆಳಗೆ ಮದುವೆಯಾದವರ ಮಕ್ಕಳು ಈಗ ಕಾಲೇಜು ಮುಗಿಸಿದ್ದಾರೆ.

ಕಂಬ. ಎರೆ ನೆಲವಾದರೆ ಗಟ್ಟಿ ಗರಸು ಸಿಗುವತನಕ ತೋಡಿ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಮೇಲೆ ನಿಲ್ಲಿಸಿದ ಕಂಬವೂ ಅದರ ಜೊತೆ ಏರಿಳಿಯುತ್ತದೆ.

ಗಾಳಿ. ಇದನ್ನು ಎರಡು ಸಲ ಓದಿ. ಮೂರು ಕಡೆ ತೆರೆದ ಪತ್ರಾಸಿನ ವೈರಿ ಮಳೆಯಲ್ಲ, ಕೆಳಗೆ ಹೊಕ್ಕು ಮೇಲಕ್ಕೆತ್ತುವ ಗಾಳಿ. ಮುಂಗಾರು ಗಾಳಿ ಪಶ್ಚಿಮದಿಂದ ಬರುವುದರಿಂದ ತಗಡು ಹಾಸುವುದನ್ನು ಪೂರ್ವದಿಂದ ಆರಂಭಿಸಿ. ಆಗ ಒಂದರ ಮೇಲೊಂದು ಕೂತ ಅಂಚುಗಳ ಸಂದಿ ಗಾಳಿಗೆ ಬೆನ್ನು ಹಾಕಿರುತ್ತದೆ. ಜೆ ಹುಕ್ಕಿನ ರಂಧ್ರವನ್ನು ತಗಡಿನ ಏರಿನಲ್ಲಿ ಕೊರೆಯಬೇಕು, ನೀರು ಹರಿಯುವ ತಗ್ಗಿನಲ್ಲಿ ಅಲ್ಲ. ಮೇಸ್ತ್ರಿ ತಗ್ಗಿನಲ್ಲೇ ಕೊರೆಯುತ್ತಾನೆ, ಅಲ್ಲಿ ಡ್ರಿಲ್ ಜಾರುವುದಿಲ್ಲ. ಮೂರನೆಯ ಸಲಹೆಗಾರ ‘ಮ್ಯಾಲ ನಾಕು ಕಲ್ಲ ಇಡ್ರಿ ಸಾಕು’ ಎನ್ನುತ್ತಾನೆ. ಇಡಬೇಡಿ. ತಗಡು ಹಾರುವ ದಿನ ಕಲ್ಲೂ ಹಾರುತ್ತದೆ.

ಇಳಿಜಾರು. ಹತ್ತು ಫೂಟಿಗೆ ಒಂದು ಫೂಟಾದರೂ ಇರಲಿ. ಯಾವ ಕಡೆಗೆ ಎಂಬುದು ಮಾತ್ರ ಎಂಜಿನಿಯರಿಂಗ್ ಪ್ರಶ್ನೆಯಲ್ಲ. ಇಪ್ಪತ್ತು ಫೂಟು ಉದ್ದ, ಹತ್ತು ಫೂಟು ಅಗಲದ ತಗಡಿನ ಮೇಲೆ ಒಂದಿಂಚು ಮಳೆ ಬಿದ್ದರೆ ಸುಮಾರು 470 ಲೀಟರ್ ನೀರು ಇಳಿಯುತ್ತದೆ. ಪಕ್ಕದವರದು ಮಣ್ಣಿನ ಮಾಳಿಗೆ ಮನೆಯಾದರೆ ಅಷ್ಟೂ ಅವರ ಗೋಡೆಯ ಬುಡಕ್ಕೆ. ಬಸವಸಾಗರ ಅಣೆಕಟ್ಟೆಯ ಗೇಟು ಎತ್ತುವ ಮುನ್ನ ಕೃಷ್ಣೆಯ ದಂಡೆಯ ಊರುಗಳಿಗೆ ಮುನ್ನೆಚ್ಚರಿಕೆ ಹೋಗುತ್ತದೆ. ಪತ್ರಾಸಿನ ನೀರಿಗೆ ಆ ಏರ್ಪಾಟಿಲ್ಲ. ಅಂಚಿಗೆ ದೋಣಿ ಕಟ್ಟಿಸಿ, ಪೈಪನ್ನು ನಿಮ್ಮ ಅಂಗಳಕ್ಕೇ ಇಳಿಸಿ. ಖರ್ಚು ಹೆಚ್ಚೆನಿಸಿದರೆ ವಕೀಲರ ಫೀಸು ವಿಚಾರಿಸಿ ನೋಡಿ.

ಗೋಡೆಯ ಸಂದು. ಸಿಮೆಂಟು ಮೆತ್ತಿ ಮುಗಿಯಿತೆನ್ನಬೇಡಿ. ಬಿಸಿಲಿಗೆ ತಗಡು ಹಿಗ್ಗುವಷ್ಟು ಗೋಡೆ ಹಿಗ್ಗುವುದಿಲ್ಲ, ಮೊದಲ ಮಳೆಗೆ ಅಲ್ಲೇ ಸೋರುತ್ತದೆ. ಗೋಡೆಯಲ್ಲಿ ಗೀರು ಕೊರೆದು, ತಗಡಿನ ಪಟ್ಟಿಯೊಂದನ್ನು ಒಳಸೇರಿಸಿ, ಕೆಳಗಿನ ಅಂಚನ್ನು ಸಡಿಲ ಬಿಡಿ.

ಪರೀಕ್ಷೆ. ಮೇ ತಿಂಗಳ ಮಧ್ಯಾಹ್ನ ಎರಡಕ್ಕೆ ಕೆಳಗೆ ಕೂತು ನೋಡಿ. ತಗಡು ಕಾದು, ಬೇವಿನ ಮರವೇ ವಾಸಿಯಾಗಿತ್ತು ಎನಿಸುತ್ತದೆ. ಆ ಬೇವನ್ನು ಕಂಬಕ್ಕೆ ಅಡ್ಡವೆಂದು ಕಡಿದಾಗಿದ್ದರೆ ಮೇಲೆ ಜೋಳದ ಕಣಿಕೆ ಹೊದಿಸಿ ತಂತಿಯಿಂದ ಬಿಗಿಯಿರಿ. ಹೊದಿಸುವ ಮುನ್ನ, ಕಟ್ಟೆಯಿಂದ ಪತ್ರಾಸಿಗೆ ಆಡು ಜಿಗಿಯುವಷ್ಟು ಅಂತರವಿದೆಯೇ ಎಂದು ಅಳೆದುಕೊಳ್ಳಿ.