ಹಣೆಬರಹದ ಕರಡು

ನನ್ನ ಹಣೆಯ ಎಡಭಾಗದಲ್ಲಿ, ಹುಬ್ಬಿನಿಂದ ಎರಡು ಬೆರಳು ಮೇಲೆ, ಒಂದು ಗಾಯದ ಗುರುತಿದೆ. ಆರು ವರ್ಷದವನಿದ್ದಾಗ ಹಿತ್ತಿಲ ಕಲ್ಲುಬಾನಿಯ ಅಂಚಿಗೆ ಬಿದ್ದು ಒಡೆದುಕೊಂಡದ್ದು. ಡಾಕ್ಟರು ಮೂರು ಹೊಲಿಗೆ ಹಾಕಿ, ಪಟ್ಟಿ ಅಂಟಿಸಿ, ಕೈಗೊಂದು ಪೆಪ್ಪರಮಿಂಟು ಕೊಟ್ಟು ಕಳಿಸಿದರು. ಮನೆಗೆ ಬಂದ ಮೇಲೆ ಅಜ್ಜಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಪಟ್ಟಿಯ ಮೇಲೆ ಮೆಲ್ಲಗೆ ಬೆರಳಾಡಿಸಿ, "ಬ್ರಹ್ಮ ಬರೆದ ಸಾಲಿನ ಮೇಲೇ ಹೊಲಿದುಬಿಟ್ಟಿದಾನಲ್ಲೇ ಈ ಪುಣ್ಯಾತ್ಮ, ಯಾವ ಅಕ್ಷರ ಹೋಯಿತೋ ಏನೋ" ಎಂದು ಅಮ್ಮನ ಹತ್ತಿರ ಪೇಚಾಡಿದಳು.

ನೋವಿಗಿಂತ ಆ ಮಾತೇ ನನಗೆ ಹೆಚ್ಚು ಹತ್ತಿತು. ಪಟ್ಟಿ ಬಿಚ್ಚಿದ ದಿನ ಕನ್ನಡಿಯ ಮುಂದೆ ನಿಂತು ಹುಡುಕಿದೆ. ಒಂದಕ್ಷರವೂ ಕಾಣಲಿಲ್ಲ. ಕನ್ನಡಿಯಲ್ಲಿ ಎಲ್ಲವೂ ತಿರುಗುಮುರುಗಾಗಿ ಕಾಣುವುದರಿಂದ ಓದಲಾಗದು, ಅದನ್ನು ಓದಬೇಕಾದವರು ಎದುರಿಗಿರುವವರು ಎಂದು ಅಕ್ಕ ವಿವರಿಸಿದಳು. ಹಾಗಾದರೆ ನೀನೇ ಓದಿ ಹೇಳು ಎಂದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, "ಒತ್ತಕ್ಷರ ಜಾಸ್ತಿ ಇದೆ, ನಾನಿನ್ನೂ ಮೂರನೇ ಕ್ಲಾಸು" ಎಂದು ಜಾರಿಕೊಂಡಳು. ಮುಂದೆ ಏಳನೇ ತರಗತಿಯಲ್ಲಿ ನಾನು ಲೆಕ್ಕದಲ್ಲಿ ಡುಮ್ಕಿ ಹೊಡೆದಾಗ ಅಜ್ಜಿಗೆ ಅಪ್ಪನಷ್ಟು ಸಿಟ್ಟೇನೂ ಬರಲಿಲ್ಲ. ಹೊಲಿಗೆ ಬಿದ್ದದ್ದು ಲೆಕ್ಕ ಬರೆದಿದ್ದ ಜಾಗದ ಮೇಲೆಯೇ ಎಂದು ಅವಳಿಗೆ ಖಾತ್ರಿಯಾಗಿತ್ತು.

ಉತ್ತರ ಕರ್ನಾಟಕದ ಗೆಳೆಯರನ್ನು ಕೇಳಿದರೆ ಈ ಬರವಣಿಗೆಯ ಇಲಾಖೆ ಅಲ್ಲಿ ಬ್ರಹ್ಮನ ಕೈಯಲ್ಲಿಲ್ಲ. ಮಗು ಹುಟ್ಟಿದ ಐದನೆಯ ರಾತ್ರಿ ಶೆಟಗೆವ್ವ ಬಂದು ಬರೆದು ಹೋಗುತ್ತಾಳೆ. ಬಾಣಂತಿಕೋಣೆಯ ಮಂದ ದೀಪದಲ್ಲಿ, ಅಳುವ ಮಗುವಿನ ಹಣೆಯ ಮೇಲೆ, ಬೆಳಗಾಗುವುದರೊಳಗೆ ಮುಗಿಸಬೇಕು! ಆ ಕೆಲಸದ ಒತ್ತಡ ನನಗೆ ಅರ್ಥವಾಗುತ್ತದೆ. ಏಕೆಂದರೆ ನಾನು ಮೂವತ್ತನಾಲ್ಕು ವರ್ಷ ಕರಡು ತಿದ್ದಿದವನು.

ಕರಡು ತಿದ್ದುವವನಾಗಬೇಕೆಂದು ಯಾರೂ ಆಸೆಪಟ್ಟು ಹೊರಡುವುದಿಲ್ಲ. ನಾನೂ ಹೊರಟಿರಲಿಲ್ಲ. 1981ರಲ್ಲಿ ಅಕ್ಕನ ಮದುವೆ ಗೊತ್ತಾಯಿತು. ಲಗ್ನಪತ್ರಿಕೆಯ ಅಚ್ಚು ನೋಡಿ ಬರಲು ತಿಪಟೂರಿಗೆ ಹೋಗಬೇಕಾಗಿದ್ದವರು ಚಿಕ್ಕಪ್ಪ. ಅವರ ಸೈಕಲ್ಲು ಊರ ಬಾಗಿಲಲ್ಲೇ ಪಂಕ್ಚರಾಯಿತು. ಚಕ್ರದಲ್ಲಿ ಸಿಕ್ಕಿಕೊಂಡಿದ್ದದ್ದು ಎತ್ತಿನ ಲಾಳದಿಂದ ಕಳಚಿಬಿದ್ದ ಒಂದು ಮೊಳೆ. ಪಿಯುಸಿ ಫೇಲಾಗಿ ಜಗಲಿಯ ಮೇಲೆ ಕೂತು ತೆಂಗಿನಕಾಯಿ ಎಣಿಸುತ್ತಿದ್ದ ನನ್ನನ್ನು ಬಸ್ಸು ಹತ್ತಿಸಿದರು.

ಸೀಮೆಎಣ್ಣೆ, ಶಾಯಿ, ಒದ್ದೆ ಕಾಗದ, ಈ ಮೂರೂ ಕಲೆತ ವಾಸನೆಯ ಆ ಪ್ರೆಸ್ಸಿನಂಥ ಜಾಗವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮೂಲೆಯಲ್ಲಿ ಟ್ರೆಡಲ್ ಯಂತ್ರ ಚಟಕ್ ಚಟಕ್ ಎನ್ನುತ್ತಿತ್ತು. ಗೋಡೆಗೊರಗಿಸಿದ ಮರದ ಕೇಸುಗಳ ತುಂಬ ಚಿಕ್ಕಚಿಕ್ಕ ಮನೆಗಳು, ಮನೆ ತುಂಬ ಸೀಸದ ಮೊಳೆಗಳು. ಕಂಪೋಸಿಟರು ಕಣ್ಣು ಕಾಗದದ ಮೇಲಿಟ್ಟು, ಕೈ ಮಾತ್ರ ಕೋಳಿ ಕಾಳು ಹೆಕ್ಕುವ ಹಾಗೆ ಆಡಿಸುತ್ತ, ಸ್ಟಿಕ್ಕಿನಲ್ಲಿ ಮೊಳೆ ಜೋಡಿಸುತ್ತಿದ್ದ. ಅವನ ಅಕ್ಷರಗಳೆಲ್ಲ ತಿರುಗುಮುರುಗು, ಆದರೂ ಸರಾಗವಾಗಿ ಓದುತ್ತಿದ್ದ. ನನ್ನ ಹಣೆಯನ್ನು ಇವನಿಗೆ ತೋರಿಸಬೇಕಿತ್ತು ಎಂದುಕೊಂಡೆ. ಮಾಲೀಕರು ಒದ್ದೆ ಕರಡೊಂದನ್ನು ಕೈಗಿತ್ತು "ಹೆಸರು ಸರಿ ಇದೆಯಾ ನೋಡು" ಎಂದರು. ಹೆಸರು ಸರಿಯಿತ್ತು. ಕೊನೆಯ ಸಾಲಿನಲ್ಲಿ, ಅಜ್ಜ ಅಜ್ಜಿ ಸೋದರಮಾವಂದಿರ ಹೆಸರಿನ ಮೇಲೆ 'ಆಗಮನಾಭಿಲಾಷಿಗಳು' ಎಂದಿರಬೇಕಾದ ಕಡೆ ಮೊದಲ ಮೊಳೆ ಉದುರಿಹೋಗಿ 'ಗಮನಾಭಿಲಾಷಿಗಳು' ಎಂದಾಗಿತ್ತು. ಬಂಧುಗಳು ಬರಲಿ ಎನ್ನಬೇಕಾದ ಮನೆತನವೆಲ್ಲ ಸಾಲಾಗಿ ನಿಂತು, ಬೇಗ ಹೊರಡಿ ಎಂದು ಕೈಮುಗಿಯುತ್ತಿತ್ತು.

ತೋರಿಸಿದೆ. ಮಾಲೀಕರು ಕನ್ನಡಕ ಏರಿಸಿ ಕಾರ್ಡನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಹಿಂದಿನ ಮೂರು ಮದುವೆಗೂ ಇದೇ ಹೋಗಿದೆ ಕಣಯ್ಯಾ" ಎಂದರು. ಆಮೇಲೆ, "ಏನು ಮಾಡ್ಕೊಂಡಿದೀಯ?" ತೆಂಗಿನಕಾಯಿಯ ವಿಷಯ ಹೇಳಿದೆ. "ಮದುವೆ ಮುಗಿಸ್ಕೊಂಡು ಬಾ." ಬೀದಿಯ ಒಂದು ಮೊಳೆ ನನ್ನನ್ನು ಲಕ್ಷ ಮೊಳೆಗಳ ನಡುವೆ ತಂದು ಕೂರಿಸಿತು.

ಇದು ವಿಧಿಯೋ, ಆಕಸ್ಮಿಕವೋ, ನನ್ನ ಕರ್ತೃತ್ವವೋ? ಅಜ್ಜಿಗೆ ಸಂಶಯವೇ ಇರಲಿಲ್ಲ. ಹೊಲಿಗೆಯಿಂದ ಪಾರಾಗಿ ಉಳಿದ ಸಾಲಿನಲ್ಲಿ ಇದಿತ್ತು. ಚಿಕ್ಕಪ್ಪ ಸಾಯುವವರೆಗೂ ಅದು ತಮ್ಮ ಸೈಕಲ್ಲಿನ ಕೊಡುಗೆ ಎಂದೇ ಹೇಳಿಕೊಂಡು ತಿರುಗಿದರು. ನನಗೋ, ಆ ಕೊನೆಯ ಸಾಲನ್ನು ಓದಿದ್ದು ನಾನೇ ಎಂಬ ಸಣ್ಣ ಹೆಮ್ಮೆ. ಆದರೆ ಓದಿದ್ದು ಯಾಕೆ? ವಾಪಸು ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು, ಬೇರೆ ಕೆಲಸವಿರಲಿಲ್ಲ.

ನಮ್ಮ ಕಸುಬಿನಲ್ಲಿ ತಪ್ಪಿಗೆ 'ಮುದ್ರಾರಾಕ್ಷಸ' ಎಂಬ ಗಂಭೀರ ಹೆಸರಿದೆ. ಆಳು ತಪ್ಪು ಮಾಡಿದರೆ ಸಂಬಳ ಹಿಡಿಯಬಹುದು, ರಾಕ್ಷಸನಿಗೆ ಯಾರು ಏನು ಮಾಡಿಯಾರು! ಹೆಸರು ಬಂದದ್ದು ವಿಶಾಖದತ್ತನ ಸಂಸ್ಕೃತ ನಾಟಕದಿಂದ. ಅದರ ಕಥೆಯನ್ನು ಕೆಂಪುನಾರಾಯಣ 1823ರಲ್ಲಿ 'ಮುದ್ರಾಮಂಜೂಷ' ಎಂದು ಕನ್ನಡ ಗದ್ಯಕ್ಕೆ ತಂದ. ಅಲ್ಲಿ ಮುದ್ರೆ ಎಂದರೆ ಉಂಗುರ, ರಾಕ್ಷಸ ಎಂದರೆ ನಂದರ ಮಂತ್ರಿ. ಈ ಮಂತ್ರಿ ಏನು ಕೆಟ್ಟರೂ ದೈವದ ಕಡೆ ಬೆರಳು ತೋರಿಸುವವನು. ಎದುರಾಳಿ ಚಾಣಕ್ಯನಿಗೆ ದೈವವೆಂದರೆ ಓದದವರು ನಂಬುವ ಸಂಗತಿ. ಬುದ್ಧಿಯೊಂದಿದ್ದರೆ ಸಾಕೆನ್ನುವ ಗತ್ತು. ಅಂಥ ಚಾಣಕ್ಯನ ಇಡೀ ತಂತ್ರ ನಿಂತಿರುವುದು ಯಾವುದರ ಮೇಲೆ? ಯಮನ ಪಟ ಹಿಡಿದು ಮನೆಮನೆ ತಿರುಗುತ್ತಿದ್ದ ಅವನ ಗೂಢಚಾರನೊಬ್ಬ ಒಂದು ಮನೆಯ ಮುಂದೆ ನಿಂತಿದ್ದಾನೆ. ಐದು ವರ್ಷದ ಮಗುವೊಂದು ತಮಾಷೆ ನೋಡಲು ಹೊರಗೋಡಿ ಬರುತ್ತದೆ. ಒಳಗಿದ್ದ ಹೆಂಗಸು ಗಾಬರಿಯಾಗಿ ಕೈಚಾಚಿ ಮಗುವನ್ನೆಳೆದುಕೊಳ್ಳುತ್ತಾಳೆ. ಗಂಡಸಿನ ಅಳತೆಯ ಉಂಗುರ ಅವಳ ಬೆರಳಿನಿಂದ ಜಾರಿ, ಉರುಳುತ್ತ ಬಂದು, ಗೂಢಚಾರನ ಕಾಲಿಗೆ ತಾಗಿ ನಿಲ್ಲುತ್ತದೆ. ಅದು ರಾಕ್ಷಸನ ಮುದ್ರೆಯುಂಗುರ. ಮುಂದಿನದೆಲ್ಲ ಚಾಣಕ್ಯನ ಚಾತುರ್ಯ, ಒಪ್ಪಿದೆ. ಉಂಗುರ ಬೆರಳು ಇನ್ನೊಂದಿಷ್ಟು ದಪ್ಪವಿದ್ದವಳ ಕೈಯಲ್ಲಿದ್ದಿದ್ದರೆ?

ನನ್ನ ಕಸುಬಿನ ಮೂಲಪುರುಷ ಮಾತ್ರ ಚಾಣಕ್ಯನಲ್ಲ. ಪುರುಷನೇ ಅಲ್ಲ, ಲಕ್ಷ್ಮೀಶನ ಜೈಮಿನಿ ಭಾರತದ ವಿಷಯೆ. ಚಂದ್ರಹಾಸನ ಕಥೆ ಕೇಳದೆ ಬೆಳೆದ ಕನ್ನಡ ಮನೆ ನಮ್ಮ ಕಾಲಕ್ಕೆ ಇರಲಿಲ್ಲ. ಆ ಹುಡುಗನ ಬರಹ ಹಣೆಯಲ್ಲಿತ್ತೋ ಇಲ್ಲವೋ, ಕಾಲಲ್ಲಿ ಮಾತ್ರ ಖಂಡಿತ ಇತ್ತು. ಕಾಲಿಗೆ ಆರನೆಯ ಬೆರಳು. ಮಂತ್ರಿ ಕೊಲ್ಲಲು ಕಳಿಸಿದವರು ಕನಿಕರಪಟ್ಟು ಆ ಬೆರಳನ್ನಷ್ಟೇ ಕತ್ತರಿಸಿ ಗುರುತಿಗೆ ಒಯ್ದರು. ದೊಡ್ಡವನಾದ ಮೇಲೆ ಅದೇ ಮಂತ್ರಿ ದುಷ್ಟಬುದ್ಧಿ ಅವನ ಕೈಯಲ್ಲೇ ಮಗ ಮದನನಿಗೆ ಓಲೆ ಕೊಟ್ಟು ಕಳಿಸುತ್ತಾನೆ: ಬಂದವನಿಗೆ ವಿಷ ಕೊಡು. ಚಂದ್ರಹಾಸ ದಾರಿಯ ಉಪವನದಲ್ಲಿ ದಣಿದು ನಿದ್ದೆಹೋಗುತ್ತಾನೆ. ಮಂತ್ರಿಯ ಮಗಳು ಬರುತ್ತಾಳೆ, ನೋಡುತ್ತಾಳೆ, ಮನಸೋಲುತ್ತಾಳೆ, ಓಲೆ ಬಿಚ್ಚುತ್ತಾಳೆ. ಓದಿದರೆ 'ವಿಷ'. ಅಪ್ಪ ಅವಸರದಲ್ಲಿ ಅಕ್ಷರ ಬಿಟ್ಟಿದ್ದಾನೆ, ವಿಷಯೆಯನ್ನು ಕೊಡು ಎಂದಿರಬೇಕಿತ್ತು ಎಂದುಕೊಂಡು ತಿದ್ದಿಬಿಡುತ್ತಾಳೆ!

ಇದು ಕರಡು ತಿದ್ದುವವರೆಲ್ಲರ ಹುಟ್ಟುರೋಗ. ಕಾಗದದ ಮೇಲಿರುವುದನ್ನು ನಾವು ಓದುವುದಿಲ್ಲ, ಇರಬೇಕೆಂದು ಮನಸ್ಸು ಬಯಸಿದ್ದನ್ನು ಓದುತ್ತೇವೆ. ನನ್ನ ಮಾಲೀಕರಾಗಿದ್ದರೆ ಅವಳನ್ನು ಅವತ್ತೇ ಮನೆಗೆ ಕಳಿಸುತ್ತಿದ್ದರು. ಕಥೆ ಹೇಳುವಾಗ ಅಜ್ಜಿ ಇಲ್ಲಿಗೆ ಬಂದು ನಿಲ್ಲಿಸಿ "ನೋಡಿದ್ಯಾ ಹಣೆಬರಹ" ಎನ್ನುತ್ತಿದ್ದಳು. ನನಗೆ ಕಾಣುವುದು ಮೂರು ಬೇರೆಬೇರೆ ಎಳೆ: ಅವನು ಅದೇ ತೋಟದಲ್ಲಿ ಮಲಗಿದ್ದು ಆಕಸ್ಮಿಕ, ಮಗಳಿಗೆ ವಿಷಯೆ ಎಂದು ಹೆಸರಿಟ್ಟದ್ದು ಅಪ್ಪನ ಕೈಯಾರೆ ಆದ ಕೆಲಸ, ತಿದ್ದಿದ್ದು ಹುಡುಗಿಯ ಧೈರ್ಯ. ಮೂರೂ ಸೇರಿ ಮದುವೆಯಾದ ಮೇಲಷ್ಟೇ ಅದಕ್ಕೆ ಹಣೆಬರಹ ಎಂಬ ರಟ್ಟು ಬಿತ್ತು.

ಎಲ್ಲವನ್ನೂ ವಿಧಿಗೆ ಬಿಟ್ಟವರು ಎಂದು ನಮ್ಮವರ ಬಗ್ಗೆ ಒಂದು ಅಪಖ್ಯಾತಿ ಇದೆ. ಹಾಗಿದ್ದರೆ ಆಕಸ್ಮಿಕಕ್ಕೆ ಇಷ್ಟೊಂದು ಹೆಸರು ಯಾಕೆ ಬೇಕಿತ್ತು? ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಸಂಬಂಧವಿಲ್ಲ ಎನ್ನುವ ಕಾಕತಾಳೀಯ ಎಲ್ಲರಿಗೂ ಗೊತ್ತು. ಇನ್ನೊಂದು ನನಗೆ ಹೆಚ್ಚು ಹತ್ತಿರದ್ದು, ಘುಣಾಕ್ಷರ ನ್ಯಾಯ. ಮರ ಕೊರೆಯುವ ಹುಳು ಕೊರೆದ ಗೆರೆ ತಾನಾಗಿ ಒಂದು ಅಕ್ಷರದ ಆಕಾರ ತಾಳುವುದು. ಹುಳಕ್ಕೆ ಬರೆಯುವ ಉದ್ದೇಶವಿಲ್ಲ, ಓದುವ ಚಪಲ ನಮ್ಮದು.

ವಿಧಿವಾದವನ್ನು ಕೊನೆತನಕ ನಂಬಿದವರು ಆಜೀವಿಕರು. ಅವರ ವಿಷಯ ನನಗೆ ಗೊತ್ತಾದದ್ದೂ ಒಂದು ಪುಸ್ತಕದ ಕರಡು ಟೇಬಲ್ಲಿಗೆ ಬಂದಿದ್ದರಿಂದಲೇ. ಬುದ್ಧ, ಮಹಾವೀರರ ಕಾಲದ ಮಖ್ಖಲಿ ಗೋಸಾಲ ಅವರ ಗುರು. ಮಹಾವೀರನ ಜೊತೆ ತಿರುಗುತ್ತಿದ್ದಾಗ ದಾರಿಯಲ್ಲಿ ಒಂದು ಎಳ್ಳಿನ ಗಿಡ ಕಂಡು, ಇದು ಕಾಯಿಬಿಡುತ್ತದೆಯೇ ಎಂದು ಕೇಳಿದನಂತೆ. ಬಿಡುತ್ತದೆ, ಒಂದೇ ಕಾಯಲ್ಲಿ ಏಳು ಕಾಳು ಎಂದ ಮಹಾವೀರ. ಗೋಸಾಲ ಮೆಲ್ಲಗೆ ಹಿಂದೆ ಸರಿದು ಗಿಡವನ್ನೇ ಕಿತ್ತೆಸೆದ. ಮಳೆ ಬಂತು, ಗಿಡ ಮತ್ತೆ ಬೇರೂರಿತು. ಅದೇ ದಾರಿಯಲ್ಲಿ ಮರಳಿ ಬಂದು ಕಾಯಿ ಬಿಡಿಸಿ ನೋಡಿದರೆ ಎಣಿಸಿ ಏಳು! ಅಲ್ಲಿಂದ ಮನುಷ್ಯ ಪೂರಾ ವಿಧಿವಾದಿಯಾದ. ಇದು ಎದುರು ಪಕ್ಷದ ಜೈನರು ಬರೆದಿಟ್ಟ ಕಥೆ, ಉಪ್ಪು ಸೇರಿಸಿಯೇ ಉಣ್ಣಬೇಕು. ಆದರೂ ಗೋಸಾಲನ ಸಂಕಟ ನನ್ನದೂ ಹೌದು. ನಾನು ಕೆಂಪುಶಾಯಿಯಲ್ಲಿ ಹೊಡೆದುಹಾಕಿದ ಪದವನ್ನು ಲೇಖಕರು ಅದರಡಿ ಚುಕ್ಕಿ ಚುಕ್ಕಿ ಇಟ್ಟು, ಇದ್ದಂತೆಯೇ ಇರಲಿ ಎಂದು ಮತ್ತೆ ನೆಟ್ಟದ್ದು ಎಷ್ಟು ಸಲವೋ. ಈ ಆಜೀವಿಕರು ನಮ್ಮ ಕೋಲಾರದ ಕಡೆ ಮತ್ತು ಅದಕ್ಕಂಟಿದ ತಮಿಳು ಸೀಮೆಯಲ್ಲಿ ಸುಮಾರು 14ನೆಯ ಶತಮಾನದವರೆಗೂ ಉಳಿದಿದ್ದರು. ಅವರ ಮೇಲಿದ್ದ ತೆರಿಗೆಯ ಮಾತು ಶಾಸನಗಳಲ್ಲಿ ಬರುತ್ತದೆ ಎಂದು ವಿದ್ವಾಂಸರು ಓದಿದ್ದಾರೆ. ವಸೂಲಿಯನ್ನು ಮಾತ್ರ ಯಾವ ಅರಸನೂ ವಿಧಿಗೆ ಬಿಟ್ಟಂತೆ ಕಾಣುವುದಿಲ್ಲ.

ಪ್ರೆಸ್ಸಿಗೆ ಬರುತ್ತಿದ್ದ ಗಿರಾಕಿಗಳಲ್ಲಿ ಅತ್ಯಂತ ಕಟ್ಟುನಿಟ್ಟಿನವರು ಪಂಚಾಂಗದ ಜೋಯಿಸರು. ಎಲ್ಲವೂ ಗ್ರಹಗತಿ ಎನ್ನುವವರು, ನಾಲ್ಕನೆಯ ಕರಡಿಗೂ ಸಮಾಧಾನವಿಲ್ಲ. ಅವರ ಭಯಕ್ಕೆ ಕಾರಣ ಎರಡು ಅಂಕಿಗಳು, ಕನ್ನಡದ ೬ ಮತ್ತು ೯. ಮೊಳೆ ಬಿಚ್ಚಿ ಕೇಸಿಗೆ ಹಾಕುವಾಗ ಒಂದರ ಮನೆಗೆ ಇನ್ನೊಂದು ಹೋಗಿ ಕೂತರೆ ಮುಗಿಯಿತು, ಒಂದು ವರ್ಷಪೂರ್ತಿ ಒಂದು ತಾಲ್ಲೂಕಿನ ಏಕಾದಶಿಯೇ ಆಚೀಚೆ. "ಗ್ರಹಗಳು ತಪ್ಪೊಲ್ಲ ಕಣಪ್ಪ, ನೀನು ತಪ್ತೀಯ" ಎನ್ನುತ್ತಿದ್ದರು.

ತಪ್ಪಿದ್ದೇನೆ. ಒಮ್ಮೆ ವೈಕುಂಠ ಸಮಾರಾಧನೆಯ ಕಾರ್ಡಿನಲ್ಲಿ ೧೯ನೆಯ ತಾರೀಖು ೧೬ ಎಂದು ಅಚ್ಚಾಗಿ ಅಂಚೆಗೂ ಬಿದ್ದುಹೋಯಿತು. ದೂರದ ನೆಂಟರೊಬ್ಬರು ಮೂರು ದಿನ ಮುಂಚೆಯೇ ಬಂದಿಳಿದರು, ವಾಪಸು ಹೋಗಲಾರದೆ ಅಲ್ಲೇ ಉಳಿದು ಬೂದುಗುಂಬಳ ಹೆಚ್ಚಿದರು. ನಾನು ಕೈಮುಗಿದು ಆ ಮನೆಗೆ ಹೋದೆ. ತಲೆ ಬೋಳಿಸಿಕೊಂಡು ಕೂತಿದ್ದ ಯಜಮಾನರು ಕಾರ್ಡು ನೋಡಿ, ಮೆಲ್ಲಗೆ ನಕ್ಕು, "ನಿಮ್ಮದೇನು ತಪ್ಪು ಬಿಡಿ, ಇದು ನಮ್ಮಪ್ಪನ ಹಣೆಬರಹ. ಬದುಕಿದ್ದಾಗಲೂ ಎಲ್ಲಾ ಕಡೆಗೂ ಮೂರು ದಿನ ಮುಂಚೆಯೇ ಹೋಗಿ ಕೂರೋರು" ಎಂದರು.

ಆವತ್ತಿನಿಂದ ಆ ಪದವನ್ನು ನಾನು ಆಡಿಕೊಳ್ಳುವುದಿಲ್ಲ. ಬೇರೆ ಆಸ್ಪತ್ರೆಗೆ ಒಯ್ದಿದ್ದರೆ, ಹಿಂದಿನ ದಿನವೇ ಹೊರಟಿದ್ದರೆ ಎಂದು ಮನೆಮಂದಿ ಒಬ್ಬರನ್ನೊಬ್ಬರು ಕೊರೆಯುತ್ತಿರುವಾಗ ಪಕ್ಕದ ಮನೆಯ ಮುದುಕಿ ಬಂದು ಕೂತು "ಅವನ ಹಣೇಲಿ ಅಷ್ಟೇ ಬರೆದಿತ್ತು ಕಣಮ್ಮಾ" ಎನ್ನುತ್ತಾಳಲ್ಲ, ಅವಳು ತತ್ತ್ವ ಹೇಳುತ್ತಿಲ್ಲ, ತಪ್ಪಿತಸ್ಥರ ಪಟ್ಟಿಯಿಂದ ಒಬ್ಬೊಬ್ಬರನ್ನೇ ಬಿಡಿಸುತ್ತಿದ್ದಾಳೆ. ಕಾರ್ಡು ಮಾಡಿಸಲು ಬಂದವರಲ್ಲಿ ಒಬ್ಬರೂ 'ಹೇಗಾದರೂ ಅಚ್ಚು ಹಾಕಿ, ಹಣೆಯಲ್ಲಿದ್ದವರು ಬರುತ್ತಾರೆ' ಎಂದದ್ದು ಮಾತ್ರ ನನಗೆ ನೆನಪಿಲ್ಲ.

ಹೋದ ವರ್ಷ ಅಕ್ಕ ತನ್ನ ಮನೆಯ ಹಳೆಯ ಟ್ರಂಕು ಖಾಲಿ ಮಾಡಿಸಿದಳು. ನುಸಿಗುಳಿಗೆಯ ವಾಸನೆಯ ಧಾರೆಸೀರೆಯ ಮಡಿಕೆಯೊಳಗೆ ಅವಳ ಮದುವೆಯ ಕಾರ್ಡಿತ್ತು. ಆಗಮನಾಭಿಲಾಷಿಗಳು, ಆ ಸಮೇತ, ಸ್ಪಷ್ಟವಾಗಿ. ನನ್ನ ಅನ್ನದ ಅಕ್ಷರ. ಕಾರ್ಡಿನ ಜೊತೆಗೇ ಪುರೋಹಿತರು ಅರಿಶಿನ ಹಚ್ಚಿ ಬರೆದುಕೊಟ್ಟಿದ್ದ ಕೈಬರಹದ ಲಗ್ನಪತ್ರಿಕೆಯೂ ಇತ್ತು. ಹಳೆಯ ಚಟ, ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದೆ. ಮುಹೂರ್ತ ಮುಗಿಯುವ ವೇಳೆ ಕೈಬರಹದಲ್ಲಿ ೧೦-೧೬. ಕಾರ್ಡಿನಲ್ಲಿ ೧೦-೧೯.

ಧಾರೆಯ ದಿನ ಗಂಡಿನ ಕಡೆಯವರು ಬಾಸಿಂಗ ಮರೆತು ಓಡಾಡುತ್ತಿದ್ದದ್ದು, ಎಲ್ಲರೂ ಗಾಬರಿಯಾದಾಗ ಚಿಕ್ಕಪ್ಪ ಜೇಬಿನಿಂದ ಕಾರ್ಡು ತೆಗೆದು, ತಮ್ಮ ಎಚ್‌ಎಂಟಿ ವಾಚು ನೋಡಿ "ಇನ್ನೂ ಟೈಮಿದೆ, ನಿಧಾನಕ್ಕಾಗಲಿ" ಎಂದು ಕೈಯೆತ್ತಿದ್ದು, ತಾಳಿ ಬಿದ್ದ ಮೇಲೆ "ಹತ್ತು ಹದಿನೆಂಟು!" ಎಂದು ಗೆದ್ದವರ ಹಾಗೆ ಕೂಗಿದ್ದು ಎಲ್ಲವೂ ಕಣ್ಣಿಗೆ ಬಂತು.

ಭಾವನಿಗೆ ತೋರಿಸಿದೆ. ಎರಡೂ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ನಾನು ನಲವತ್ತು ವರ್ಷದಿಂದ ಯೋಚನೆ ಮಾಡ್ತಿದ್ದೆ" ಎಂದರು. ಅಕ್ಕನಿಗೆ ಇನ್ನೂ ಹೇಳಿಲ್ಲ.