ಕಯಾಕಮೀಮಾಂಸೆ

(ಕಾರವಾರದ ಕಾಳಿ ಅಳಿವೆಯಲ್ಲಿ ಮೂರು ಹಗಲು, ಎರಡು ರಾತ್ರಿ, ಊಟ ಮತ್ತು ಲೈಫ್ ಜಾಕೆಟ್ ಸಮೇತ ನಡೆಸಿದ ಕ್ಷೇತ್ರಕಾರ್ಯವನ್ನು ಆಧರಿಸಿದ ಪ್ರಬಂಧ)

ಪೀಠಿಕೆ

ನಿವೃತ್ತ ಕನ್ನಡ ಅಧ್ಯಾಪಕರು ಕಡಲಿಗೆ ಇಳಿದದ್ದಕ್ಕೆ ಹೆಚ್ಚಿನ ಆಧಾರಗಳು ಸಿಕ್ಕುವುದಿಲ್ಲ. ದಡದಲ್ಲಿ ನಿಂತು ವರ್ಣಿಸಿದವರು ಬೇಕಾದಷ್ಟು ಜನ ಇದ್ದಾರೆ. ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವರ್ಣನೆಯೂ ಒಂದು. ಅದನ್ನು ಮೂವತ್ತೊಂದು ವರ್ಷ ಪಾಠ ಹೇಳಿದ ಈ ಲೇಖಕ ಅಷ್ಟೂ ವರ್ಷ ಪ್ಯಾಂಟಿನ ಅಂಚು ಒದ್ದೆಯಾಗದಂತೆ ನೋಡಿಕೊಂಡಿದ್ದ. ಅರವತ್ತೆರಡನೇ ಹುಟ್ಟುಹಬ್ಬಕ್ಕೆ ಮಗಳು ಒಂದು ಶಾಲು ತಂದಾಳು ಎಂದು ಕಾದಿದ್ದರೆ, ‘ಬಿಗಿನರ್ಸ್ ಸೀ ಕಯಾಕಿಂಗ್, ಕಪಲ್’ ಎಂಬ ಪ್ಯಾಕೇಜು ಫೋನಿಗೆ ಬಂತು. ಹಣ ಕಟ್ಟಿಯಾಗಿತ್ತು, ವಾಪಸು ಕೊಡುವುದಿಲ್ಲ ಎಂದು ದಪ್ಪ ಅಕ್ಷರದಲ್ಲಿತ್ತು. ಈ ಸಂಶೋಧನೆಗೆ ಪ್ರೇರಣೆ ಇಷ್ಟೇ.

ಆಕರಗಳು ಎರಡು. ಒಂದು ಲೇಖಕಪಾಠ, ಇನ್ನೊಂದು ಪತ್ನೀಪಾಠ. ಬಂಗುಡೆ ಫ್ರೈ ಬಿಟ್ಟರೆ ಮತ್ಯಾವ ವಿಷಯದಲ್ಲೂ ಇವೆರಡಕ್ಕೂ ತಾಳೆಯಾಗುವುದಿಲ್ಲ. ಎರಡು ಪಾಠಗಳಲ್ಲಿ ಕ್ಲಿಷ್ಟವಾದದ್ದೇ ಮೂಲಕ್ಕೆ ಹತ್ತಿರ ಎಂಬುದು ಗ್ರಂಥಸಂಪಾದನೆಯ ಹಳೆಯ ಸೂತ್ರ. ಲೇಖಕಪಾಠವನ್ನು ನಂಬುವುದು ಬಹಳ ಕಷ್ಟ. ಆದ್ದರಿಂದ ಅದೇ ಮೂಲ.

ನಿಷ್ಪತ್ತಿ ವಿಚಾರ

ತಂಡದಲ್ಲಿ ಹನ್ನೊಂದು ಮಂದಿ. ಕಾರವಾರ ಮುಟ್ಟುವ ಮೊದಲೇ ಒಂಬತ್ತು ಮಂದಿ ಕಯಾಕ್-ಕಾಯಕ ಶ್ಲೇಷೆಯನ್ನು ತಂತಮ್ಮಷ್ಟಕ್ಕೆ ಕಂಡುಹಿಡಿದಿದ್ದರು, ಉಳಿದಿಬ್ಬರು ಪುಣೆಯವರು. ಒಬ್ಬ ಸಾಫ್ಟ್‌ವೇರ್ ಹುಡುಗ ಅಲ್ಲಿಂದ ಮುಂದುವರಿದು ಕೈಲಾಸದ ತನಕ ಹೊರಟಿದ್ದ. ಮೊದಲನೇ ದಿನವೇ ಆ ಕಡೆ ಬೇಡಪ್ಪ ಎಂದು ಲೇಖಕನ ಪತ್ನಿ ತಡೆದಳು.

ಶಾಸ್ತ್ರೀಯವಾಗಿ ಈ ನಿಷ್ಪತ್ತಿ ನಿಲ್ಲುವುದಿಲ್ಲ. ಶಬ್ದ ಗ್ರೀನ್‌ಲ್ಯಾಂಡಿನದು. ಅಲ್ಲಿನ ಇನ್ಯುಯಿಟ್ ಬೇಟೆಗಾರರು ಗಂಟಲಿನ ತಳದಿಂದ ಕಕಾರ ಎಳೆದು ಹೇಳುವ ಮಾತು. ನಮ್ಮ ವರ್ಗೀಯ ವ್ಯಂಜನಗಳಲ್ಲಿ ಅದಕ್ಕೆ ಜಾಗವಿಲ್ಲ. ನೀರು ಮೂಗಿಗೆ ಏರಿದಾಗ ಮಾತ್ರ ಆ ಉಚ್ಚಾರ ತಾನಾಗಿ ಸಾಧಿಸುತ್ತದೆ ಎಂಬುದನ್ನು ಮುಂದೆ ನೋಡಲಿದ್ದೇವೆ. ಮೂರನೇ ದಿನ ಸಂಜೆ ಹೊಳೆದ ‘ಕೈ ಯಾಕ್’ ಎಂಬ ಇನ್ನೊಂದು ನಿಷ್ಪತ್ತಿಯೂ ಉಂಟು. ‘ಮೇಲಕ್ಕೆ ಏಳ್ತಿಲ್ಲ’ ಎಂಬ ಕ್ರಿಯಾಪದವನ್ನು ಅಧ್ಯಾಹಾರ ಮಾಡಿಕೊಳ್ಳಬೇಕು. ಭಾಷಾಶಾಸ್ತ್ರ ಒಪ್ಪದಿದ್ದರೂ ಭುಜ ಒಪ್ಪುತ್ತದೆ.

ಪ್ರಮಾಣ ವಿಚಾರ

ಇನ್ಯುಯಿಟರು ದೋಣಿಯನ್ನು ಅಂಗಡಿಯಿಂದ ತರುತ್ತಿರಲಿಲ್ಲ; ದರ್ಜಿ ಅಂಗಿ ಹೊಲಿಯುವ ಹಾಗೆ ಮೈಗೆ ಅಳೆದು ಕಟ್ಟುತ್ತಿದ್ದರು. ಕಡಲು ತಂದು ಎಸೆದ ಮರದ ತುಂಡುಗಳ ಹಂದರ, ಅದರ ಮೇಲೆ ಸೀಲ್ ಚರ್ಮ. ಉದ್ದ, ಕಟ್ಟುವವನ ತೋಳಿನ ಅಳತೆಯಲ್ಲಿ ಮೂರು ಮಾರು. ಅಗಲ, ಸೊಂಟದ ಮೇಲೆ ಎರಡು ಮುಷ್ಟಿ. ನಮ್ಮ ಅಜ್ಜಂದಿರು ಹಗ್ಗವನ್ನೂ ಬಾವಿಯನ್ನೂ ಅಳೆದ ಮಾರು ಆರ್ಕ್ಟಿಕ್ ತನಕ ಹೋಗಿತ್ತು ಎಂದು ವಾದಿಸಲು ಲೇಖಕ ಸಿದ್ಧನಿದ್ದ. ಎಲ್ಲರಿಗೂ ಎರಡೇ ಕೈ ಇರುತ್ತವಲ್ಲ ಎಂದು ಪತ್ನಿ ಕೇಳಿದ ಮೇಲೆ ಆ ಅಧ್ಯಾಯವನ್ನು ಕೈಬಿಡಲಾಯಿತು. ಲೇಖಕನ ಮಾರಿಗೆ ಮೂರು ಪಾಲು ಹಾಕಿದರೆ ಐದು ಮೀಟರಿಗೆ ಚೂರು ಹೆಚ್ಚು. ಈಗಿನ ಸೀ ಕಯಾಕಿನ ಉದ್ದವೂ ಅಷ್ಟೇ. ಸೊಂಟದ ಅಳತೆ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ಪತ್ನೀಪಾಠದಲ್ಲಿ ಅದು ಸೆಂಟಿಮೀಟರ್ ಸಹಿತ ಇದೆ.

ಅಲ್ಲಿ ಚರ್ಮ ಹೊಲಿಯುತ್ತಿದ್ದವರು ಹೆಂಗಸರು, ಹೊಲಿಗೆ ಬಿಟ್ಟರೆ ಸಾಯುತ್ತಿದ್ದವರು ಗಂಡಸರು. ಸಂಸಾರದಲ್ಲಿ ಪರಸ್ಪರ ನಂಬಿಕೆ ಎಷ್ಟು ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಡ.

ನಮಗೆ ಕೊಟ್ಟದ್ದು ಸೀಲ್ ಚರ್ಮದ್ದಲ್ಲ, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ಕಿನದು. ಪುಡಿ ಪ್ಲಾಸ್ಟಿಕ್ಕನ್ನು ಬಿಸಿ ಅಚ್ಚಿನಲ್ಲಿ ಹಾಕಿ ತಿರುಗಿಸಿ ತಾರಸಿಯ ನೀರಿನ ಟ್ಯಾಂಕು ಮಾಡುತ್ತಾರಲ್ಲ, ಇದನ್ನೂ ಹಾಗೆಯೇ ಮಾಡುವುದು. ಟ್ಯಾಂಕು ನೀರನ್ನು ಒಳಗೆ ಇಡಬೇಕು, ಇದು ಹೊರಗೆ ಇಡಬೇಕು; ತತ್ತ್ವದಲ್ಲಿ ಅಷ್ಟೇ ಭೇದ. ಆದರೆ ಬಗ್ಗಿ ನೋಡಿದರೆ ಕೂರುವ ಜಾಗದಲ್ಲಿ, ಕಾಲಿಡುವ ಜಾಗದಲ್ಲಿ, ಹೆಬ್ಬೆರಳು ತೂರುವಷ್ಟು ತೂತುಗಳು! ಒಂದರಲ್ಲಿ ಕಣ್ಣಿಟ್ಟರೆ ಕೆಳಗಿನ ಉಸುಕು ಕಾಣುತ್ತಿತ್ತು, ಉಸುಕಿನ ಮೇಲೊಂದು ಪುಟ್ಟ ಏಡಿಯೂ. ಲೇಖಕ ಅಲ್ಲೇ ನ್ಯಾಯಶಾಸ್ತ್ರದ ಪಂಚಾವಯವ ವಾಕ್ಯ ಹೂಡಿದ. ಈ ದೋಣಿ ಮುಳುಗುತ್ತದೆ. ಏಕೆಂದರೆ ತೂತಿದೆ. ಯಾವುದಕ್ಕೆ ತೂತಿದೆಯೋ ಅದು ಮುಳುಗುತ್ತದೆ, ನಮ್ಮ ಮನೆಯ ಹಿತ್ತಾಳೆ ಕೊಳಗದಂತೆ. ಇದೂ ಅಂಥದ್ದೇ. ಆದ್ದರಿಂದ ಮುಳುಗುತ್ತದೆ, ಆದ್ದರಿಂದ ನಾವು ಕೋಣೆಗೆ ಹೋಗೋಣ.

ಗೈಡ್ ಹುಡುಗ, ಇಪ್ಪತ್ತನಾಲ್ಕರ ಒಳಗಿನವನು, ಪೂರ್ತಿ ಕೇಳಿಸಿಕೊಂಡ. “ಸರ್, ಅದು ತೂತಲ್ಲ, ಕೊಳವೆ. ಮೇಲಿಂದ ಕೆಳಗೆ ಆರಪಾರ. ಸುತ್ತ ಇರೋದು ಮುಚ್ಚಿದ ಪೊಳ್ಳು, ಅದ್ರೊಳಗೆ ನೀರು ಹೋಗೂದಿಲ್ಲ. ನೀವು ಕೂರೂದು ನೀರಿಗಿಂತ ಮೇಲೆ. ಅಲೆ ಬಂದು ತುಂಬಿದ್ದು ಇದ್ರಲ್ಲೇ ಇಳಿದು ಹೋಗ್ತದೆ” ಎಂದ. ವ್ಯಾಪ್ತಿ ಭಂಗವಾಯಿತು. ಎರಡು ಸಾವಿರ ವರ್ಷದ ತರ್ಕ ಹೆಬ್ಬೆರಳಿನಷ್ಟು ತೂತಿನಲ್ಲಿ ಸೋರಿಹೋದದ್ದನ್ನು ಕಣ್ಣಾರೆ ಕಂಡ ಲೇಖಕ ಜಾಕೆಟ್ಟಿನ ಬಕಲ್ ಹಾಕಿಕೊಂಡ.

ಮಥನ ಪ್ರಕರಣ

ಹುಟ್ಟು ಎರಡು ತುದಿಗೂ ಅಲಗಿರುವಂಥದು. ಕೋಲಿನ ಮೇಲೆ ಎರಡು ರಬ್ಬರ್ ಬಳೆ ತೊಡಿಸಿರುತ್ತಾರೆ. ಎತ್ತಿದ ಅಲಗಿನಿಂದ ಇಳಿಯುವ ನೀರು ಆ ಬಳೆಗೆ ತಾಗಿ ಅಲ್ಲೇ ತೊಟ್ಟಿಕ್ಕುತ್ತದೆ, ತೋಳಿನೊಳಗೆ ಹರಿಯುವುದಿಲ್ಲ. ಬಳೆ ತೊಟ್ಟ ಆಯುಧ ನಮ್ಮ ವೀರಕಾವ್ಯಗಳಲ್ಲಿ ಮತ್ತೆಲ್ಲೂ ಬಂದಂತಿಲ್ಲ.

ಕಲಿಯುವವರೆಲ್ಲ ತೋಳಿನಿಂದ ಎಳೆಯುತ್ತಾರೆ, ಅರ್ಧ ಗಂಟೆಯಲ್ಲಿ ಸುಸ್ತಾಗಿ ಕೂರುತ್ತಾರೆ. ಎಳೆಯಬೇಕಾದ್ದು ನಡು ತಿರುಗಿಸಿ, ಬೆನ್ನಿನಿಂದ. ತೋಳು ಬರೀ ಕೊಂಡಿ. ಇದನ್ನು ಇಂಗ್ಲಿಷಿನಲ್ಲಿ ಎರಡು ಸಲ ವಿವರಿಸಿ ಸೋತ ಹುಡುಗ, ಕೊನೆಗೆ “ಮಜ್ಜಿಗೆ ಕಡೆದ ಹಾಗೆ, ಮೇಡಂ” ಎಂದ. ಕಂಬಕ್ಕೆ ಕಟ್ಟಿದ ಕಡೆಗೋಲು, ಎರಡು ಕೈಯಲ್ಲಿ ಹಗ್ಗ, ಒಂದು ಕೈ ಎಳೆದಾಗ ಇನ್ನೊಂದು ಸಡಿಲ, ಮೈ ತಾನಾಗಿ ಈಚೆ ಆಚೆ. ಪತ್ನಿ “ಓ, ಇಷ್ಟೇನಾ” ಎಂದು ಹೊರಟೇಬಿಟ್ಟಳು. ಲೇಖಕ ಅಷ್ಟರಲ್ಲಿ ಸಮುದ್ರಮಥನದಲ್ಲಿ ವಾಸುಕಿಯ ತಲೆಯ ಕಡೆ ಯಾರು, ಬಾಲದ ಕಡೆ ಯಾರು ಎಂಬ ವಿಚಾರ ಎತ್ತಿ ಇದ್ದಲ್ಲೇ ಮೂರು ಸುತ್ತು ತಿರುಗಿದ.

ಪುಸ್ತಕ ಓದಿ ಇದೆಲ್ಲ ಬರುತ್ತದೆಯೇ ಎಂಬ ಆಕ್ಷೇಪಕ್ಕೆ ಇಲ್ಲೇ ಸಮಾಧಾನ ಹೇಳಬೇಕು. ಆಸ್ಟ್ರಿಯಾದ ಪಾವ್ಲಾಟಾ ಎಂಬಾತ ಗ್ರೀನ್‌ಲ್ಯಾಂಡಿಗೆ ಹೋದವರು ಬರೆದದ್ದನ್ನು ಓದಿ, 1927ರಲ್ಲಿ, ಮಗುಚಿದ ಕಯಾಕನ್ನು ಕೂತಲ್ಲಿಂದಲೇ ಮತ್ತೆ ಎಬ್ಬಿಸುವ ವಿದ್ಯೆ ಸಾಧಿಸಿದ. ಓದಿಕೊಂಡವರ ಮಾನ ಉಳಿಸಿದ ಪುಣ್ಯಾತ್ಮ. ಹಿಮದಷ್ಟು ತಣ್ಣಗಿನ ನೀರಲ್ಲಿ ಈಜಿ ಬದುಕುವ ಮಾತಿಲ್ಲದ ಕಾರಣ ಅಲ್ಲಿನ ಬೇಟೆಗಾರರಿಗೆ ಇಂಥ ಉರುಳುಗಳು ಮೂವತ್ತಕ್ಕೂ ಹೆಚ್ಚು ಬಗೆ ಗೊತ್ತು: ಹುಟ್ಟು ಕಳೆದಾಗ ಒಂದು, ಈಟಿಯ ಹಗ್ಗ ತೋಳಿಗೆ ಸುತ್ತಿಕೊಂಡಾಗ ಒಂದು. ಇಂಗ್ಲೆಂಡಿನ ಗಿನೋ ವಾಟ್ಕಿನ್ಸ್ ಎಂಬಾತ ಆ ಬೇಟೆಗಾರರಿಂದಲೇ ನೇರವಾಗಿ ಕಲಿತ, ಚೆನ್ನಾಗಿಯೇ ಕಲಿತ. ಆದರೆ 1932ರಲ್ಲಿ ಒಬ್ಬನೇ ಸೀಲ್ ಬೇಟೆಗೆ ಹೋದವನು ತಿರುಗಿ ಬರಲಿಲ್ಲ; ಕಯಾಕ್ ಮಾತ್ರ ತೇಲುತ್ತಿತ್ತು. ಇದನ್ನು ಓದಿ ಹೇಳಿದಾಗ ಪತ್ನಿ, “ಅದಕ್ಕೇ ರೀ, ಇಬ್ಬರು ಕೂರೋ ದೋಣೀನೇ ತಗೊಳ್ಳೋಣ” ಎಂದಳು.

ದಂಪತಿ ಪ್ರಕರಣ

ಇಬ್ಬರು ಕೂರುವ ಕಯಾಕನ್ನು ಕಯಾಕಿಂಗ್ ಲೋಕದವರು ‘ಡೈವೋರ್ಸ್ ಬೋಟ್’ ಎನ್ನುತ್ತಾರೆ. ದೋಣಿ ತೇಲಿದ ಮೇಲೆ ಹುಡುಗ ಇದನ್ನು ತಿಳಿಸಿದ.

ನಿಯಮ ಹೀಗೆ: ಮುಂದೆ ಕೂತವರು ಲಯ ಹಿಡಿಯುತ್ತಾರೆ, ಹಿಂದೆ ಕೂತವರು ಅದನ್ನೇ ಅನುಸರಿಸುತ್ತ ದಿಕ್ಕು ನೋಡಿಕೊಳ್ಳುತ್ತಾರೆ. ಮುಂದೆ ಪತ್ನಿ. ಮೂವತ್ತೊಂದು ವರ್ಷ ಛಂದಸ್ಸು ಹೇಳಿಕೊಟ್ಟ ಲೇಖಕನಿಗೆ ಲಯದಲ್ಲಿ ಯಾರನ್ನೋ ಅನುಸರಿಸುವುದು ಹೇಗಾದೀತು? ಅವನು ನಾಲ್ಕು ಮಾತ್ರೆಯ ಮಂದಾನಿಲ ರಗಳೆಯಲ್ಲಿ ಎಳೆದ. ಅವಳದು ಮೂರರ ಉತ್ಸಾಹ ರಗಳೆ. ಮೂರಕ್ಕೂ ನಾಲ್ಕಕ್ಕೂ ಲಸಾಅ ಹನ್ನೆರಡು. ಸರಿಯಾಗಿ ಹನ್ನೆರಡು ಮಾತ್ರೆಗೊಮ್ಮೆ ಎರಡು ಹುಟ್ಟುಗಳೂ ಠಣ್ ಎಂದು ತಾಗಿ ಯತಿ ಬೀಳುತ್ತಿತ್ತು. ಗಣಿತಕ್ಕೂ ಛಂದಸ್ಸಿಗೂ ಇರುವ ಸಂಬಂಧ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ. ಪತ್ನೀಪಾಠದಲ್ಲಿ ಈ ಭಾಗಕ್ಕೆ “ಸುಮ್ನೆ ಕೂತಿದ್ರೆ ಸಾಕಿತ್ತು” ಎಂಬ ಒಂದೇ ಸಾಲಿದೆ.

ಇಳಿತ ಪ್ರಕರಣ

ಕಾಳಿಯ ನೀರು ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾಗಳಲ್ಲಿ ತಡೆದು ನಿಂತು, ಯಂತ್ರ ತಿರುಗಿಸಿ, ನಮ್ಮ ಮನೆ ಫ್ಯಾನಿಗೂ ಒಂದು ಸುತ್ತು ಕೊಟ್ಟು ಇಲ್ಲಿಗೆ ಬರುತ್ತದೆ. ಇಲ್ಲಿ ಅದಕ್ಕೆ ಎದುರಾಗುವುದು ಕಡಲು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹೊತ್ತು ದಿನಾ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗೆ ಏರಿಳಿತ ಜೋರು, ಅಷ್ಟಮಿಯ ಸುಮಾರಿಗೆ ಸಪ್ಪೆ. ಇಳಿಯುವುದೂ ಒಂದೇ ಸಮನೆ ಅಲ್ಲ. ಇಳಿಯುವ ನೀರನ್ನು ಹನ್ನೆರಡು ಪಾಲು ಮಾಡಿದರೆ ಆರು ಗಂಟೆಗಳಲ್ಲಿ ಕ್ರಮವಾಗಿ ಒಂದು, ಎರಡು, ಮೂರು, ಮೂರು, ಎರಡು, ಒಂದು. ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಖಾಲಿ. ಮತ್ತೆ ಹನ್ನೆರಡು! ಲೇಖಕ ದೋಣಿ ನಿಲ್ಲಿಸಿ ಈ ಸಂಖ್ಯೆಯ ಮಹಿಮೆಯನ್ನು ವಿವರಿಸಿದ. ಆ ಎರಡು ಗಂಟೆ ಯಾವುದೆಂದರೆ, ಅದೇ.

ವಿವರಣೆ ಮುಗಿದಾಗ ದೋಣಿ ಮರಳದಿಬ್ಬದ ಮೇಲಿತ್ತು. ಉಳಿದವರು ಹೊಳೆಯ ನಡುವಿನ ಆಳ ಹಿಡಿದು ಹೋಗಿಯಾಗಿತ್ತು. ಇಳಿದು ಹಗ್ಗ ಹಿಡಿದು ಎಳೆಯುತ್ತ ನಡೆಯಬೇಕಾಯಿತು. ಎಡಗಾಲಿನ ಚಪ್ಪಲಿ ಕೆಸರಿನಲ್ಲಿ ಉಳಿಯಿತು. ಇದನ್ನು ಅವಮಾನ ಎನ್ನುವವರಿಗೆ ಗಟ್ಟಿಯಾದ ಪೂರ್ವನಿದರ್ಶನವಿದೆ. ರವೀಂದ್ರನಾಥ ಠಾಕೂರರು 1880ರ ದಶಕದ ಮೊದಲಲ್ಲಿ, ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, ಕಾರವಾರದಲ್ಲಿದ್ದರು. ಒಂದು ಬೆಳದಿಂಗಳ ರಾತ್ರಿ ಚಿಕ್ಕ ದೋಣಿಯಲ್ಲಿ ಇದೇ ಕಾಳಿಯ ಮೇಲೆ ಹೋಗಿ, ಇಳಿತದ ಜೊತೆ ತೇಲಿಬಂದು, ಅಳಿವೆ ಮುಟ್ಟುವಾಗ ಬಹಳ ಹೊತ್ತಾಗಿದ್ದರಿಂದ ಕಡಲ ದಾರಿ ಬಿಟ್ಟು, ಮರಳ ಮೇಲೆ ನಡೆದೇ ಮನೆ ಸೇರಿದರು. ತಮ್ಮ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ. ಕವಿಗುರುಗಳೇ ಇಳಿದು ನಡೆದ ಜಾಗದಲ್ಲಿ ನಿವೃತ್ತ ರೀಡರ್ ಒಬ್ಬ ನಡೆದರೆ ಅದು ಪರಂಪರೆ. “ಅವರು ದೋಣೀನ ಎಳ್ಕೊಂಡು ಹೋದ್ರೇನು?” ಎಂಬ ಪತ್ನೀಪಾಠದ ಪ್ರಶ್ನೆ ಕ್ಷೇಪಕ.

ಮಜ್ಜನ ಪ್ರಕರಣ

ಮೂರನೇ ದಿನ ಬೆಳಗ್ಗೆ, ಮೂಡಣದ ಮೆಲುಗಾಳಿ ಇರುವಾಗಲೇ, ಪಡುಗಾಳಿ ಏಳುವ ಮೊದಲು, ಅಳಿವೆ ದಾಟಿ ಕಡಲಿಗೆ ಹೋದೆವು. ಇದರ ಬಗ್ಗೆ ಹೇಳುವುದು ಕಡಿಮೆ ಇದೆ, ಯಾಕೆಂದರೆ ಎಲ್ಲ ಸರಿಯಾಗಿಯೇ ನಡೆಯಿತು. ಅಲೆ ಒಡೆಯುತ್ತಿರಲಿಲ್ಲ, ಉಸಿರಾಡುತ್ತಿತ್ತು. ದೇವಬಾಗದ ಗಾಳಿಮರದ ಸಾಲು ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋಗುತ್ತಿತ್ತು. ಲೇಖಕ ಅರ್ಧ ಗಂಟೆ ಒಂದು ಮಾತೂ ಆಡಲಿಲ್ಲ. ಹುಟ್ಟುಗಳು ಒಂದು ಸಲವೂ ತಾಗಲಿಲ್ಲ. ಜರ್ಮನಿಯ ಓಸ್ಕರ್ ಸ್ಪೆಕ್ ಮಡಿಸುವ ಕಯಾಕಿನಲ್ಲಿ 1932ರಲ್ಲಿ ಊಲ್ಮ್ ಬಿಟ್ಟು, ಕರಾಚಿ, ಮುಂಬೈ, ಕೊಲಂಬೊ ಎಂದು ನಮ್ಮ ಕರಾವಳಿಯ ಮುಂದೆಯೇ ಹಾದು, ಏಳು ವರ್ಷದ ಮೇಲೆ ಆಸ್ಟ್ರೇಲಿಯಾದ ನಡುಗಡ್ಡೆ ಮುಟ್ಟಿದ. ಅಷ್ಟರಲ್ಲಿ ಯುದ್ಧ ಶುರುವಾಗಿತ್ತು. ಪೊಲೀಸರು ಕೈಕುಲುಕಿ ಶಹಬ್ಬಾಸ್ ಹೇಳಿ, ಶತ್ರುದೇಶದವನೆಂದು ಹಿಡಿದುಕೊಂಡರು. ಈ ಕಥೆಯನ್ನು ಲೇಖಕ ಮನಸ್ಸಿನಲ್ಲೇ ಹೇಳಿಕೊಂಡ. ಅಷ್ಟು ಹಿತವಾಗಿತ್ತು ಬೆಳಗು.

ತಿರುಗಿ ಅಳಿವೆಯೊಳಕ್ಕೆ ಬಂದು ನೀರು ಕನ್ನಡಿಯಾದ ಮೇಲೆ ಬಾಯಿ ಬಂತು. ಪಕ್ಕದಲ್ಲಿ ಸದಾಶಿವಗಡ ಕೋಟೆ. ಲೇಖಕ ಹುಟ್ಟನ್ನು ತರಗತಿಯ ಕೋಲಿನಂತೆ ಎತ್ತಿ, ಪೂರ್ತಿ ಆ ಕಡೆ ತಿರುಗಿ, “ಅದನ್ನ ಸೋದೆಯ ಅರಸ ಕಟ್ಟಿಸಿ ತನ್ನ ತಂದೆಯ...” ಎಂದ.

ತಂದೆಯ ಹೆಸರು ನೀರೊಳಗೆ ಹೇಳಲಾಯಿತು.

ಆ ಕ್ಷಣದಲ್ಲಿ ಲೇಖಕನಿಗೆ ಓದಿದ್ದೆಲ್ಲ ನೆನಪಿಗೆ ಬಂತು. ಮುಂದಕ್ಕೆ ಬಾಗು, ಸೊಂಟದ ಸುತ್ತ ದೋಣಿಯ ಬಾಯಿ ಮುಚ್ಚುವ ಸ್ಕರ್ಟಿನ ಕುಣಿಕೆ ಎಳೆ, ತೊಡೆಯಿಂದ ದೋಣಿಯನ್ನು ತಳ್ಳು. ಇವೆಲ್ಲ ಒಳಗೆ ಕೂರುವ ಕಯಾಕಿನವು. ಲೇಖಕ ಕೂತದ್ದು ತಾರಸಿ ಟ್ಯಾಂಕಿನಂಥದರ ಮೇಲೆ, ಅದರಿಂದ ಬಿದ್ದೂ ಆಗಿತ್ತು. ಇಲ್ಲದ ಕುಣಿಕೆಗಾಗಿ ಹುಡುಕುತ್ತ, ಕೈಕಾಲು ಬಡಿಯುತ್ತ, ಉಪ್ಪುನೀರು ಕುಡಿಯುತ್ತಿದ್ದಾಗ ಹತ್ತು ಮಾರು ದೂರದಲ್ಲಿ ಬುಟ್ಟಿ ತೇಲಿಸಿಕೊಂಡು ಕಾಲಿನಿಂದ ತಡಕಿ ಬಳಚು ಹೆಕ್ಕುತ್ತಿದ್ದ ಅಜ್ಜಿಯೊಬ್ಬಳು ಕೂಗಿದಳು: “ಉಬೋ ರಾವ್! ಉಬೋ ರಾವ್ ರೇ!”

ಯಾರನ್ನೋ ಕರೆಯುತ್ತಿದ್ದಾಳೆ. ಲೇಖಕ ತಲೆ ಮೇಲೆತ್ತಿ, “ನಾನು ರಾವ್ ಅಲ್ಲಮ್ಮಾ” ಎಂದು ಹೇಳುವಷ್ಟರಲ್ಲಿ ಮತ್ತೆ ಮುಳುಗಿದ. ಗ್ರೀನ್‌ಲ್ಯಾಂಡಿನ ಕಕಾರ ಸಾಧಿಸಿದ್ದು ಆಗಲೇ. ಎರಡನೇ ಸಲ ಎದ್ದಾಗಲೂ ಅದನ್ನೇ ಹೇಳಿದ. ಮೂರನೇ ಸಲಕ್ಕೆ ಪಕ್ಕದಲ್ಲಿ ಚೂಡಿದಾರಿನ ದುಪಟ್ಟಾ ಹಿಂಡುತ್ತಿದ್ದ ಪತ್ನಿಯ ಸೊಂಟ ಕಾಣಿಸಿತು. ಅವಳು ನಿಂತಿದ್ದಳು. ನೀರು ಅವಳ ತೊಡೆಗಿತ್ತು.

ಕೊಂಕಣಿಯಲ್ಲಿ ‘ಉಬೋ ರಾವ್’ ಎಂದರೆ ಎದ್ದು ನಿಲ್ಲು ಎಂದರ್ಥ.

ಕರ್ತೃವಿಚಾರ

ಹದಿನೈದು ದಿನದ ಮೇಲೆ ಮನೆಗೆ ಅಂಚೆಯಲ್ಲಿ ಪ್ರಮಾಣಪತ್ರ ಬಂತು. ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು, ಮೂಲೆಯಲ್ಲಿ ಕಿತ್ತಳೆ ಕಯಾಕಿನ ಚಿತ್ರ. ಪತ್ನಿಯದರಲ್ಲಿ ಅವಳ ಹೆಸರು ಸರಿಯಾಗಿತ್ತು. ಇನ್ನೊಂದರಲ್ಲಿ, ಪ್ರಾಥಮಿಕ ಸೀ ಕಯಾಕಿಂಗ್ ತರಬೇತಿಯನ್ನು ಯಶಸ್ವಿಯಾಗಿ ಪೂರೈಸಿದವರು ಶ್ರೀ ಯು. ಬಿ. ರಾವ್ ಎಂದಿತ್ತು. ಗೈಡ್ ಹುಡುಗನ ಮನೆಮಾತು ಕೊಂಕಣಿ ಎಂಬುದನ್ನು ಇಲ್ಲಿ ದಾಖಲಿಸಬೇಕು.

ತಿದ್ದಿಸಿ ಕಳಿಸಿ ಎಂದು ಬರೆಯಲು ಲೇಖಕ ಹೊರಟಿದ್ದ. ಪತ್ನಿ ಅಷ್ಟರಲ್ಲಿ ಕಟ್ಟು ಹಾಕಿಸಿ ಹಾಲಿನ ಗೋಡೆಗೆ, ಪಿಎಚ್‌ಡಿ ಪದವಿಯ ಪಕ್ಕಕ್ಕೆ, ಅದಕ್ಕಿಂತ ಒಂದು ಗೇಣು ಮೇಲೆ ತೂಗುಹಾಕಿದ್ದಳು. ಬಂದವರು ಯಾರಿವರು ರಾವ್ ಎಂದು ಕೇಳುತ್ತಾರೆ. ನಮ್ಮ ಮನೇಲಿ ಈಜು ಬರೋರು ಎನ್ನುತ್ತಾಳೆ. ಮುಂದೆ ಎಂದಾದರೂ ಸಂಶೋಧಕರು ಈ ಪ್ರಬಂಧ ಯು. ಬಿ. ರಾವ್ ಅವರದೋ, ಕೆಳಗಿನ ಕಟ್ಟಿನಲ್ಲಿರುವವನದೋ ಎಂದು ತರ್ಕಿಸುವ ಸಂಭವವಿದೆ. ಬಾಹ್ಯ ಪ್ರಮಾಣಗಳೆಲ್ಲ ರಾವ್ ಅವರ ಪರವಾಗಿವೆ. ಲೇಖಕನ ಪರವಾಗಿ ಉಳಿದಿರುವುದು ಒಂದು ಬಲಗಾಲಿನ ಚಪ್ಪಲಿ.