ತೂತಿಗೆ ಯಜಮಾನರಿಲ್ಲ

ಎಲ್ಲರ ಮನೆ ದೋಸೆಯೂ ತೂತೇ ಎಂದು ಹಿರಿಯರು ಹೇಳಿದ್ದು ಸಂಸಾರದ ಮಾತು. ಬೆಂಗಳೂರಿನಲ್ಲಿ ಆಫೀಸ್ ಕಟ್ಟಡ ಎಬ್ಬಿಸುವವರು ಅದನ್ನೇ ಕಟ್ಟಡ ನಿಯಮ ಎಂದುಕೊಂಡಿದ್ದಾರೆ. ಬೆಂಕಿಯನ್ನು ಎರಡು ಗಂಟೆ ತಡೆಯಬಲ್ಲ ಗೋಡೆಯನ್ನು ಲೆಕ್ಕ ಹಾಕಿ ಕಟ್ಟುತ್ತಾರೆ. ಮಾರನೆಯ ದಿನ ಎಲೆಕ್ಟ್ರಿಷಿಯನ್ ಬಂದು ಒಂದು ತೂತು ಹೊಡೆಯುತ್ತಾನೆ, ಪ್ಲಂಬರ್ ಇನ್ನೊಂದು, ಏಸಿಯವನು ಮತ್ತೊಂದು. ಪೈಪು ನಾಲ್ಕು ಇಂಚಿನದು, ತೂತು ಒಂದು ಅಡಿಯದು. ಗೋಡೆ ಕಂಟ್ರಾಕ್ಟರನದು, ಪೈಪು ಪ್ಲಂಬರನದು, ವೈರು ಎಲೆಕ್ಟ್ರಿಷಿಯನ್‌ನದು. ತೂತು? ಅದು ಯಾರ ಬಿಲ್ಲಿನಲ್ಲೂ ಇಲ್ಲ, ಆದ್ದರಿಂದ ಯಾರದೂ ಅಲ್ಲ.

ಮೊನ್ನೆ ಅಂಥ ಒಂದು ಕಟ್ಟಡದ ಕೇಬಲ್ ಡಕ್ಟಿನೊಳಗೆ ಇಣುಕುವ ಭಾಗ್ಯ ಸಿಕ್ಕಿತು. "ನೋಡಿ ಸಾರ್, ಎಲ್ಲಾ ಪ್ಯಾಕ್ ಮಾಡಿಸಿಬಿಟ್ಟಿದೀವಿ" ಎಂದು ಮೇಂಟೆನೆನ್ಸ್ ಮ್ಯಾನೇಜರ್ ಟಾರ್ಚು ಬಿಟ್ಟರು. ಪ್ಯಾಕ್ ಆಗಿತ್ತು, ಸುಳ್ಳಲ್ಲ. ಇಡ್ಲಿ ಹಿಟ್ಟು ಪಾತ್ರೆಯಿಂದ ಉಕ್ಕಿದ ಹಾಗೆ ತೂತಿನಿಂದ ಫೋಮು ಉಕ್ಕಿ ಗಟ್ಟಿಯಾಗಿತ್ತು. ಮೇಲೆ ಕೆಂಪು ಪೇಂಟು.

"ಕೆಂಪು ಯಾಕೆ ಸ್ವಾಮಿ?"

"ಫೈರ್‌ದಲ್ವಾ ಸಾರ್, ಕೆಂಪೇ ಇರಬೇಕು."

ಕಿಟಕಿಯ ಸಂದು ತುಂಬಲು ಬಳಸುವ ಸಾದಾ ಪಾಲಿಯುರೆಥೇನ್ ಫೋಮು ಅದು. ಬೆಂಕಿ ಬಂದರೆ ತಡೆಯುವುದಿಲ್ಲ, ತಾನೂ ಜೊತೆಗೆ ಹೊರಡುತ್ತದೆ. ಆದರೆ ಕೆಂಪು ಬಳಿದರೆ ಬೆಂಕಿ ಹೆದರುತ್ತದೆಂಬುದು ಸೈಟಿನ ನಂಬಿಕೆ. ಬಾಗಿಲಿಗೆ ಬೂದುಗುಂಬಳಕಾಯಿ ಕಟ್ಟುವುದು ಇದಕ್ಕಿಂತ ವಾಸಿ. ಕುಂಬಳಕಾಯಿಯಲ್ಲಿ ನೀರಾದರೂ ಇರುತ್ತದೆ.

ಮೇಲಿನ ಮಹಡಿಯ ತೂತಿಗೆ ಗಾರೆ ಮೆತ್ತಿದ್ದರು. ಬೆರಳಲ್ಲಿ ಒತ್ತಿದೆ. ಒಂದಿಂಚಿನ ಹೊಪ್ಪಳೆ ಕಳಚಿ, ಒಳಗೆ ತುರುಕಿದ್ದ ಖಾಲಿ ಸಿಮೆಂಟ್ ಚೀಲ ಇಣುಕಿತು. ಬೆಂಕಿಗೆ ಉರಿಯದ ರಾಕ್‌ವೂಲ್ ಒತ್ತಿ ತುಂಬಬೇಕಾದ ಜಾಗ ಅದು. ಮ್ಯಾನೇಜರ್ ಟಾರ್ಚನ್ನು ಬೇರೆ ಕಡೆ ತಿರುಗಿಸಿದರು.

ತಿರುಗಿಸಿದ ಕಡೆ ಪ್ಲಾಸ್ಟಿಕ್ ಪೈಪಿತ್ತು. ಬೆಂಕಿಗೆ ಪೈಪು ಕರಗಿತೋ, ಅದಿದ್ದ ಜಾಗವೇ ಹೊಗೆಗೂಡು. ಅದಕ್ಕೆಂದೇ ಪೈಪಿಗೆ ಕಾಲರ್ ತೊಡಿಸುತ್ತಾರೆ. ಬಿಸಿ ತಾಕಿದರೆ ಕಾಲರಿನೊಳಗಿನ ವಸ್ತು ಉಬ್ಬಿ, ಮೆತ್ತಗಾದ ಪೈಪಿನ ಕತ್ತು ಹಿಸುಕಿ ದಾರಿ ಮುಚ್ಚುತ್ತದೆ. ಬೆಂಕಿ ಬರುವುದು ಕೆಳಗಿನಿಂದ, ಹಾಗಾಗಿ ಕಾಲರ್ ಇರಬೇಕಾದ್ದು ಸ್ಲ್ಯಾಬಿನ ಅಡಿಯಲ್ಲಿ. ಇಲ್ಲಿ ಮೇಲಿತ್ತು. "ಅಡಿಯಲ್ಲಿ ಹಾಕಕ್ಕೆ ಏಣಿ ಬೇಕಲ್ಲಾ ಸಾರ್." ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಬೈಕ್ ಓಡಿಸುವ ಊರಿನಲ್ಲಿ ಇದಕ್ಕೆ ವಿವರಣೆ ಬೇಕಿಲ್ಲ. ಇನ್ನೊಂದು ಸೊಗಸು ನೋಡಿ: ಆ ಕಾಲರನ್ನು ಬಿಗಿದದ್ದು ಪ್ಲಾಸ್ಟಿಕ್ ಪ್ಲಗ್ಗಿಗೆ. ಬೆಂಕಿ ಬಿದ್ದರೆ ಕಾವಲುಗಾರನ ಕಾಲೇ ಮೊದಲು ಕರಗುತ್ತದೆ.

ಈ ವಿದ್ಯೆ ನಮ್ಮವರಿಗಷ್ಟೇ ಒಲಿದದ್ದೆಂದು ಬೀಗಬೇಡಿ. ಅಮೆರಿಕದ ಅಲಬಾಮಾದಲ್ಲಿ ಬ್ರೌನ್ಸ್ ಫೆರಿ ಎಂಬ ಅಣು ವಿದ್ಯುತ್ ಸ್ಥಾವರವಿದೆ. 1975ರ ಮಾರ್ಚ್ 22ರಂದು, ಕೇಬಲ್ ತೂತಿಗೆ ತುಂಬಿದ ಫೋಮಿನಲ್ಲಿ ಗಾಳಿ ಸೋರುತ್ತಿದೆಯೇ ಎಂದು ನೋಡಲು ಅಲ್ಲಿನವರು ಉರಿಯುವ ಮೇಣದಬತ್ತಿ ಹಿಡಿದರು. ಸೋರುತ್ತಿತ್ತು. ಗಾಳಿ ಜ್ವಾಲೆಯನ್ನು ಒಳಕ್ಕೆಳೆದು ಫೋಮು ಹೊತ್ತಿ, 1,600ಕ್ಕೂ ಹೆಚ್ಚು ಕೇಬಲ್ಲುಗಳು ಹಾಳಾದವು. ನಮ್ಮಲ್ಲಿ ಇಂಥ ಅನಾಹುತಕ್ಕೆ ಅವಕಾಶವೇ ಇಲ್ಲ. ಹಾಕಿದ್ದನ್ನು ಪರೀಕ್ಷಿಸುವ ಪದ್ಧತಿಯಿದ್ದರೆ ತಾನೆ?

ಕೇಬಲ್ ಶಾಫ್ಟನ್ನು ಪ್ರತಿ ಮಹಡಿಯಲ್ಲೂ ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕು ಎನ್ನುತ್ತದೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ. ಅದಕ್ಕೂ ಮೊದಲು, 2010ರ ಫೆಬ್ರವರಿ 23ರಂದು, ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಕೇಬಲ್ ಡಕ್ಟಿಗೆ ಬೆಂಕಿ ಬಿದ್ದು ಹೊಗೆ ಮೇಲಿನ ಮಹಡಿಗಳಿಗೆ ಏರಿತ್ತು. ಉಸಿರು ಕಟ್ಟಿದವರು ಗಾಜು ಒಡೆದು ಕೆಳಕ್ಕೆ ಜಿಗಿದರು. 9 ಜನ ಸತ್ತರು. ಈ ಪ್ಯಾರಾದಲ್ಲಿ ನಗಿಸಲು ನನಗೆ ಬರುವುದಿಲ್ಲ.

ಹೊರಡುವ ಮುಂಚೆ, ಏಳನೇ ಮಹಡಿಯಲ್ಲಿ ಒಂದು ಅಚ್ಚರಿ ಕಂಡಿತು. ಕೇಬಲ್ಲುಗಳ ಸುತ್ತ ಸರಿಯಾದ ಸೀಲೆಂಟು, ಸರಿಯಾದ ಆಳ, ಪಕ್ಕದಲ್ಲಿ ತಾರೀಖು ಬರೆದ ಚೀಟಿ, ಕೆಳಗೆ ದಪ್ಪಕ್ಷರದಲ್ಲಿ "ಮುಟ್ಟಬಾರದು". ಯಾರೋ ಪುಣ್ಯಾತ್ಮ ತೂತನ್ನು ತನ್ನದೆಂದುಕೊಂಡಿದ್ದ. ಕೈ ಮುಗಿಯೋಣ ಎನ್ನುವಷ್ಟರಲ್ಲಿ ಹೆಗಲಿಗೆ ವೈರಿನ ಸುರುಳಿ ಹಾಕಿಕೊಂಡ ಇಂಟರ್ನೆಟ್ ಹುಡುಗ ಬಂದ.

"ಸ್ವಲ್ಪ ಸೈಡಿಗೆ ಬನ್ನಿ ಅಂಕಲ್, ಒಂದೇ ಒಂದು ವೈರು" ಎಂದವನೇ, ಡ್ರಿಲ್ಲಿನ ಮೊನೆಯನ್ನು ಸೀಲೆಂಟಿನ ನಟ್ಟನಡುವೆ ಇಟ್ಟು ಗುಂಡಿ ಒತ್ತಿದ.